ವೆಲೆನ್ಸಿಯಾದ ಸಂತೆಯಲ್ಲಿ ನಿಂಬರ್ಗಾದ ಕಾಕು

ಹೋದ ತಿಂಗಳು ನಿಂಬರ್ಗಾದ ನಮ್ಮ ಕಾಕು ರೊಟ್ಟಿ ಕೇಂದ್ರದ ಕೀಲಿಕೈಯನ್ನು ಹೊಸಬರ ಕೈಗೆ ಕೊಟ್ಟು, "ಇನ್ನ ನೀವು ಬಡೀರಿ, ನಾ ಕುಂತು ತಿಂತೇನಿ" ಎಂದು ಕುಳಿತುಬಿಟ್ಟರು. ಬೀಳ್ಕೊಡುಗೆಯ ಸಭೆ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು. ಭಾಷಣ ಮಾಡಿದವರೆಲ್ಲರದೂ ಒಂದೇ ಮಾತು: ಕಾಕು ವಿಮಾನ ಹತ್ತಿದರು, ಕಾಕು ಫಾರಿನ್ ನೋಡಿ ಬಂದರು. ಕೇಳಿ ಕೇಳಿ ನನಗೆ ಸಿಟ್ಟು ಬಂತು. ವಿಮಾನ ಹತ್ತುವುದೇನು ಘನಂದಾರಿ ಕೆಲಸ? ಟಿಕೆಟ್ ಇದ್ದರೆ ಕುಂಬಳಕಾಯಿಯೂ ಹತ್ತುತ್ತದೆ. ಆದರೆ ನನ್ನ ಸರದಿ ಬಂದಾಗ ನಾನೂ ಮೈಕಿನ ಮುಂದೆ ನಾಲ್ಕು ಒಣ ಮಾತಾಡಿ ಕೆಳಗಿಳಿದೆ. ಹೇಳಬೇಕಾದ್ದನ್ನು ಹೇಳಿದ್ದರೆ ಕಾಕುವಿನ ಮಾನ ಏರುತ್ತಿತ್ತು, ನನ್ನದು ಇಳಿಯುತ್ತಿತ್ತು. ಅಲ್ಲಿ ಧೈರ್ಯ ಸಾಲಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅದು ಅವರದೇ ಅಪ್ಪಣೆ. "ನಿಮ್ಮ ಮ್ಯಾಲ ಏನರ ಬರೀತೇನಿ ಕಾಕು" ಎಂದಾಗ "ಬರೀರಿ, ಹೆಸರು ಮಾತ್ರ ಹಾಕಬ್ಯಾಡ್ರಿ. ಹೆಸರು ಹಾಕಿದ್ರ ನಮ್ಮೂರ ಮಂದಿ ತಮ್ಮ ಹೆಸರು ಯಾಕ ಹಾಕಿಲ್ಲಂತ ನನ್ನ ಸಂಗಟ ಜಗಳಕ್ಕ ಬರ್ತಾರ" ಎಂದರು. ಕಾಕು ಎಂದರೆ ನಮ್ಮ ಕಡೆ ಚಿಕ್ಕಮ್ಮ. ಅವರು ನನ್ನ ಚಿಕ್ಕಮ್ಮನಲ್ಲ, ಯಾರ ಚಿಕ್ಕಮ್ಮನೂ ಅಲ್ಲ. ಆದರೂ ಆಳಂದ ತಾಲ್ಲೂಕಿನ ಮಹಿಳಾ ಸಂಘಗಳಲ್ಲಿ ಕಾಕು ಎಂದರೆ ಅವರೊಬ್ಬರೇ.

ನಾನು ಆ ಸಂಘಗಳ ಮೇಲ್ವಿಚಾರಕಿ. ಅಫಜಲಪುರದ ಗೌಡರ ಮನೆತನದ ಮಗಳು. ಮೊದಲು ಜೇವರ್ಗಿಯಲ್ಲಿದ್ದೆ, ಆಮೇಲೆ ಆಳಂದಕ್ಕೆ ವರ್ಗವಾಗಿ ಬಂದೆ. ಬಂದ ವಾರವೇ ಯಾರೋ ಹೇಳಿದರು, ನಿಂಬರ್ಗಾದ ಬೌದ್ಧರ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಕೇಂದ್ರ ನಡೆಸುತ್ತಾಳೆ, ಬಾಯಿ ಜೋರು, ಹುಷಾರಾಗಿರಿ ಎಂದು. ಹೋಗಿ ನೋಡಿದೆ. ಗಿಡ್ಡ ಆಳು, ಮೊಣಕೈವರೆಗೆ ಹಿಟ್ಟು, ಹಂಚಿಗೆ ತಾಗಿ ಸುಟ್ಟ ಹಳೆಯ ಕಲೆಗಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕೆಲಸದ ಪಾಳಿಯ ಪಟ್ಟಿ. ಬಾಯಿ ಜೋರಿದ್ದದ್ದು ನಿಜ. ಅದಕ್ಕಿಂತ ಜೋರಿದ್ದದ್ದು ಕೈ. ಕಾಕು ಯಾರ ಜೊತೆ ಮಾತಾಡಿದರೂ ಅವರ ಮುಂಗೈ ಹಿಡಿದೇ ಮಾತಾಡುವವರು. ಬಸ್ ಕಂಡಕ್ಟರನ ಕೈ ಹಿಡಿದು ಚಿಲ್ಲರೆ ಕೇಳುವರು, ಬ್ಯಾಂಕಿನ ಮ್ಯಾನೇಜರನ ಕೈ ಹಿಡಿದು ಅರ್ಜಿ ಕೊಡುವರು. ನನ್ನ ಕೈಯನ್ನು ಮಾತ್ರ ಒಂದು ದಿನವೂ ಹಿಡಿದಿರಲಿಲ್ಲ. ನಾನು ಅದನ್ನು ಗಮನಿಸಿದ್ದು ಬಹಳ ತಡವಾಗಿ.

ಸಣ್ಣವರಿದ್ದಾಗ ಹಿರೋಳ್ಳಿಯ ಕಡೆ ತೊಗರಿ ಹೊಲಗಳಲ್ಲಿ ಕಳೆ ತೆಗೆದವರು, ಆಮೇಲೆ ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜು ಕಟ್ಟುವಾಗ ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತವರು. ಯಾರಾದರೂ ಹೆದರಿಸಲು ಬಂದರೆ ಅದನ್ನೇ ಮುಂದೆ ಮಾಡುತ್ತಿದ್ದರು. "ಭೀಮಾ ತಾಯಿನ್ನ ನಿಂದ್ರಿಸಿದಾಕಿ ನಾ. ನಿಮ್ಮನ್ನ ನಿಂದ್ರಿಸೂದು ಎಷ್ಟರ ಮಾತ್ರಿ?" ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ಬಂದು ರೊಟ್ಟಿಯನ್ನು ಬೆರಳಲ್ಲಿ ತೋರಿಸಿ, ಈ ಪ್ರಾಡಕ್ಟಿನ ಭವಿಷ್ಯದ ಬಗ್ಗೆ ಅರ್ಧ ತಾಸು ಮಾತಾಡಿದರು. ಕಾಕು ಸುಮ್ಮನೆ ಕೇಳಿ ಕೊನೆಗೆ, "ಸಾಹೇಬ್ರ, ಭವಿಷ್ಯ ಇರ್ಲಿ, ಅದು ಆರಿ ಹೊಂಟದ, ತಿನ್ರಿ" ಎಂದರು.

ಕೇಂದ್ರ ಶುರುವಾದಾಗ ಅವರ ಓಣಿಯ ನಾಲ್ಕು ಹೆಂಗಸರಷ್ಟೇ ಇದ್ದರಂತೆ. ಊರ ಮಂದಿ ಅವರ ರೊಟ್ಟಿ ತಿನ್ನುತ್ತಿರಲಿಲ್ಲ. ಬಾಯಿಬಿಟ್ಟು ಕಾರಣ ಹೇಳುತ್ತಿರಲಿಲ್ಲ, ತಿನ್ನುತ್ತಲೂ ಇರಲಿಲ್ಲ. ಕಾಕು ಬಹಳ ದಿನ ಕೆಡದ, ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ ಮಾಡಿ ಪಾಕೀಟು ಕಟ್ಟಿ ಕಲಬುರಗಿಗೆ, ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ಚೆನ್ನಾಗಿ ಹೋಯಿತು. "ಪಾಕೀಟಿನ ಮ್ಯಾಲ ಕೈ ಕಾಣಂಗಿಲ್ಲ ನೋಡ್ರಿ" ಎಂದು ನಗುತ್ತಿದ್ದರು. "ನಮ್ಮೂರ ಮಂದಿ ಸೊಲ್ಲಾಪುರಕ್ಕ ಹೋಗಿ, ಅಲ್ಲಿಂದ ನಮ್ಮ ಪಾಕೀಟ ತಂದು, ಭಾಳ ರುಚಿ ಅದಾವಂತ ನಮಗ ಹೇಳ್ತಾರ." ಈ ಮಾತು ಕೇಳಿ ನಾನೂ ಅವರ ಜೊತೆ ನಕ್ಕಿದ್ದೇನೆ. ಊರ ಮಂದಿ ಎಂದರೆ ನಾನಲ್ಲ ಎಂದುಕೊಂಡು ನಕ್ಕಿದ್ದೇನೆ.

ಹೀಗಿರುವಾಗ ಸ್ಪೇನಿನಿಂದ ಒಂದು ಕರೆ ಬಂತು. ವೆಲೆನ್ಸಿಯಾ ಎಂಬ ಊರಿನ ಹಳೆಯ ಸಂತೆ ಕಟ್ಟಡದಲ್ಲಿ ಬೇರೆ ಬೇರೆ ದೇಶದವರು ತಮ್ಮ ತಮ್ಮ ರೊಟ್ಟಿ ಮಾಡಿ ತೋರಿಸುವ ಒಂದು ಮೇಳ. ನಮ್ಮ ಜಿಲ್ಲೆಯಿಂದ ಜೋಳದ ರೊಟ್ಟಿಗೆ ಕಾಕು, ಅವರ ಜೊತೆಗೆ ನಾನು. ವಿಮಾನದ ವಿಷಯ ಬರೆಯುವುದಿಲ್ಲ, ಸಭೆಯಲ್ಲಿ ಸಾಕಷ್ಟಾಗಿದೆ. ಇಷ್ಟು ಹೇಳುತ್ತೇನೆ: ಹೊರಡುವ ಮುಂಚೆ ಕಾಕುವಿಗೆ ಯಾವ ಭಯವೂ ಇರಲಿಲ್ಲ. ಭಯವಿದ್ದದ್ದು ನನಗೆ. ಈ ಹೆಣ್ಣುಮಗಳು ಅಲ್ಲಿ ಯಾರ ಕೈ ಹಿಡಿಯುತ್ತಾಳೋ, ಏನು ಮಾತಾಡುತ್ತಾಳೋ, ನನ್ನ ಮರ್ಯಾದೆ ಎಲ್ಲಿ ಕಳೆಯುತ್ತಾಳೋ ಎಂದು ದಾರಿಯುದ್ದಕ್ಕೂ ಅವರಿಗೆ ಪಾಠ ಹೇಳಿದೆ. ಕಾಕು ಎಲ್ಲದಕ್ಕೂ "ಹೌದ್ರಿ ಮೇಡಂ" ಎಂದರು.

ಮೇಳದ ಹಿಂದಿನ ದಿನ ಬೆಳಿಗ್ಗೆ ಸಂತೆ ನೋಡಲು ಹೋದೆವು. ರೊಟ್ಟಿಗೆ ಎಣ್ಣೆಗಾಯಿ ಪಲ್ಯ ಬೇಕಿತ್ತು, ಅದಕ್ಕೆ ಬದನೆಕಾಯಿ ಕೊಳ್ಳಬೇಕಿತ್ತು. ಕಟ್ಟಡ ಕಟ್ಟಿ ಹತ್ತಿರ ಹತ್ತಿರ ನೂರು ವರ್ಷವಾಗಿದೆಯಂತೆ. ಕಬ್ಬಿಣದ ಕಂಬಗಳು, ಬಣ್ಣದ ಹೆಂಚು, ಗಾಜಿನ ಕಿಟಕಿಗಳು, ನಡುವೆ ಆಕಾಶದಷ್ಟೆತ್ತರದ ಗುಮ್ಮಟ. ಅದರ ಕೆಳಗೆ ಸಾಲು ಸಾಲು ಅಂಗಡಿ. ಕಾಕು ಗುಮ್ಮಟದ ಕೆಳಗೆ ನಿಂತು ಸೆರಗು ತಲೆಯ ಮೇಲೆ ಹೊದ್ದುಕೊಂಡರು.

"ಇದು ಗುಡಿ ಏನ್ರಿ?"

"ಗುಡಿ ಅಲ್ಲ ಕಾಕು, ಕಾಯಿಪಲ್ಯದ ಸಂತಿ."

ಅವರು ಸೆರಗು ಇಳಿಸಿದರು. "ನಮ್ಮ ಕಲಬುರಗಿ ಕಡಿ ಸತ್ತೋರಿಗೆ ಗುಮ್ಮಟ ಕಟ್ಟ್ಯಾರ. ಇವ್ರು ಉಣ್ಣೋರಿಗೆ ಕಟ್ಟ್ಯಾರ. ಇವ್ರು ಶಾಣ್ಯಾರು ಬಿಡ್ರಿ."

ಒಂದು ಸುತ್ತು ಹಾಕಿದೆವು. ಹಂದಿಯ ತೊಡೆಗಳನ್ನು ಉಪ್ಪು ಹಾಕಿ ಒಣಗಿಸಿ ಸಾಲಾಗಿ ನೇತುಹಾಕಿದ್ದರು. ನಾನು ಮೂಗು ಮುಚ್ಚಿ ಮುಂದೆ ಹೋದೆ, ಕಾಕು ನಿಂತು, ಎಷ್ಟು ದಿನ ಒಣಗಿಸಿರಬೇಕು ಎಂದು ಅಂದಾಜು ಮಾಡಿದರು. ಬಲೆ ಚೀಲದಲ್ಲಿ ಜೀವಂತ ಬಸವನಹುಳುಗಳು ಹತ್ತಿ ಇಳಿಯುತ್ತಿದ್ದವು. ಆಲಿವ್ ಕಾಯಿಗಳು ಹತ್ತಾರು ತರಹ. ಇನ್ನೊಂದು ಕಡೆ ಕಂದು ಬಣ್ಣದ ಸಣ್ಣ ಸಣ್ಣ ಗಡ್ಡೆಗಳ ರಾಶಿ, ಪಕ್ಕದಲ್ಲಿ ಅದನ್ನೇ ಅರೆದು ಹಿಂಡಿದ ಬಿಳಿ ಹಾಲನ್ನು ಗಾಜಿನ ಲೋಟದಲ್ಲಿ ಕೊಡುತ್ತಿದ್ದರು. ಕಾಕು ಬಗ್ಗಿ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೇಡಂ, ಇದು ಜೇಕಿನ ಗಡ್ಡಿ."

ಜೇಕು ಎಂದರೆ ನಮ್ಮ ಹೊಲದ ಶನಿ. ಎಷ್ಟು ಕಿತ್ತರೂ ಗಡ್ಡೆ ಉಳಿದು ಮತ್ತೆ ಚಿಗುರುವ ಕಳೆ. ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಅದೇ ಅಲ್ಲ, ಅದರ ತಂಗಿ, ಒಂದೇ ಕುಲ. ಕಾಕು ಅಲ್ಲೇ ನಿಂತು ಮನಸಾರೆ ನಕ್ಕರು. "ಇದನ್ನ ಕಿತ್ತಿ ಕಿತ್ತಿ ನನ್ನ ಉಗುರು ಹೋದ್ವು. ಇವ್ರು ಹಾಲು ಹಿಂಡಿ ಕುಡ್ಯಾಕತ್ತಾರ. ಮೊದಲ ಗೊತ್ತಿದ್ರ ನಮ್ಮ ಹಿರೋಳ್ಳಿ ಗೌಡಗ ಕಳಿ ತೆಗಿಯೂ ಬದ್ಲಿ ತೊಗರಿ ತೆಗೀರಿ ಅಂತಿದ್ದೆ." ಒಂದು ಲೋಟ ಕುಡಿದು, ತಂಪಿದೆ, ಸಕ್ಕರೆ ಹೆಚ್ಚಾಯಿತು ಎಂದರು.

ಅಷ್ಟೊತ್ತಿಗೆ ನಾವಿಬ್ಬರೂ ಖುಷಿಯಲ್ಲಿದ್ದೆವು. ಕಿತ್ತಳೆಯ ಅಂಗಡಿಯ ಮುಂದೆ ನಾನು ಒಂದು ಹಣ್ಣು ಎತ್ತಿ, ಒತ್ತಿ, ಮೂಸಿ ನೋಡಿದೆ. ಅದರ ಪಕ್ಕದಲ್ಲೇ ಬದನೆಕಾಯಿ. ಕಾಕು ಸಣ್ಣ ಬದನೆಕಾಯಿಗಳ ಬುಟ್ಟಿಗೆ ಕೈ ಚಾಚಿದರು. ಅದೇ ಕ್ಷಣಕ್ಕೆ ನನಗೆ ಬುಟ್ಟಿಯ ಮೇಲಿನ ಚೀಟಿ ಕಂಡಿತು: ಒಂದು ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು.

"ಕಾಕು, ಮುಟ್ಟಬ್ಯಾಡ್ರಿ."

ಕೂಗಿ ಹೇಳಿದೆ. ಬೇರೆ ಭಾಷೆಯ ಆ ಸಂತೆಯಲ್ಲಿ ಆ ಎರಡು ಮಾತು ತಿಳಿಯುವವರು ನಾವಿಬ್ಬರೇ ಇದ್ದೆವು. ಕಾಕುವಿನ ಕೈ ಬುಟ್ಟಿಯ ಮೇಲೆ ನಿಂತಿತು, ಆಮೇಲೆ ಹಿಂದೆ ಹೋಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಆ ಸರಿಯುವಿಕೆ ಹೊಸದಾಗಿ ಕಲಿತದ್ದಲ್ಲ. ಮೈಗೆ ಗೊತ್ತಿದ್ದದ್ದು.

ನಾನು ಚೀಟಿ ತೋರಿಸಿದೆ, ಇಲ್ಲಿಯ ಪದ್ಧತಿಯೇ ಹಾಗೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಅತ್ತ ಇತ್ತ ನೋಡಿ, ಎದುರಿನ ಹಣ್ಣಿನಂಗಡಿಯಲ್ಲಿ ಪೆಟ್ಟಿಗೆ ಎತ್ತಿಡುತ್ತಿದ್ದ ಗಡ್ಡದ ಆಳೊಬ್ಬನ ಬಳಿ ಹೋದರು. ಅವನು ಪಾಕಿಸ್ತಾನದವನು; ಅವನು ಫೋನಿನಲ್ಲಿ ಉರ್ದು ಮಾತಾಡುವುದು ಆಗಲೇ ಅವರ ಕಿವಿಗೆ ಬಿದ್ದಿತ್ತು. ಕಾಕು ನಮ್ಮ ಆಳಂದದ ದಖನಿಯಲ್ಲಿ ಕೇಳಿದರು: "ಭಾಯ್, ಹಾತ್ ಲಗಾನಾ ಮೇರೇಕುಚ್ ಮನಾ ಹೈ, ಕೀ ಸಬಕೂ?"

ಮುಟ್ಟಬಾರದು ಅನ್ನುವುದು ನನಗೊಬ್ಬಳಿಗೋ, ಎಲ್ಲರಿಗೋ? ಆ ಮನುಷ್ಯನಿಗೆ ಪ್ರಶ್ನೆಯ ಒಳಗು ತಿಳಿಯಲಿಲ್ಲ, ತಿಳಿಯಬೇಕಾದ ಕಾರಣವೂ ಇರಲಿಲ್ಲ. ನಕ್ಕು, "ಸಬಕೋ ಮನಾ ಹೈ, ಅಮ್ಮಾ, ಸಬಕೋ" ಎಂದ.

ಕಾಕು ಬಾಯಿಮಾತು ನಂಬುವವರಲ್ಲ. ಒಂದು ಕಂಬಕ್ಕೆ ಒರಗಿ ನಿಂತು ಬದನೆಕಾಯಿ ಅಂಗಡಿಯನ್ನೇ ನೋಡತೊಡಗಿದರು. ನಾನು ಹೋಗೋಣ ಎಂದರೂ ಕದಲಲಿಲ್ಲ. ಸೂಟು ತೊಟ್ಟ ಮುದುಕನೊಬ್ಬ ಬಂದು ಟೊಮೆಟೊ ಎತ್ತಿದ. ಅಂಗಡಿಯ ಹೆಂಗಸು ಅವನ ಕೈಯಿಂದ ಕಿತ್ತುಕೊಂಡು ಬೈದಳು. ಮುತ್ತಿನ ಸರ ಹಾಕಿದ್ದ ಒಬ್ಬಾಕೆ ಸೌತೆಕಾಯಿ ಒತ್ತಿದಳು, ಅವಳಿಗೂ ಬೈಗುಳ. ಅರ್ಧ ತಾಸು ಹೀಗೆ ನಿಂತು, ಐದಾರು ಜನ ಬೈಸಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ ಕಾಕು ತಲೆಯಾಡಿಸಿ ಹೊರಗೆ ನಡೆದರು.

ಹೊರಗೆ ಕಲ್ಲು ಬೆಂಚಿನ ಮೇಲೆ ಕುಳಿತೆವು. ನಾನು ಸಮಾಧಾನದ ದನಿಯಲ್ಲಿ, "ನೋಡಿದ್ರಲ್ಲ ಕಾಕು, ಎಲ್ಲಾರಿಗೂ ಹಂಗ ಅಂತಾರ" ಎಂದೆ.

"ಹೌದ್ರಿ. ಅಂಗಡಿಯಾಕಿ ಎಲ್ಲಾರಿಗೂ ಅಂದ್ಲು. ನೀವು ನನಗೊಬ್ಬಾಕಿಗೆ ಅಂದ್ರಿ. ಆಗ ನಿಮ್ಮ ಕೈಯಾಗ ಕಿತ್ತಳಿ ಹಣ್ಣಿತ್ತು."

ನನ್ನ ಕೈ ನೋಡಿಕೊಂಡೆ. ಹಣ್ಣು ಎಲ್ಲಿಟ್ಟೆನೋ ನೆನಪಿರಲಿಲ್ಲ, ವಾಸನೆ ಇನ್ನೂ ಬೆರಳಲ್ಲಿತ್ತು.

"ಹಂಗಲ್ಲ ಕಾಕು, ಚೀಟಿ ಕಂಡು ಗಾಬರಿಯಾಗಿ—"

"ಇರ್ಲಿ ಬಿಡ್ರಿ. ಬಾಯಿಗೆ ಬಂತು, ಅಂದ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಹನ್ನೊಂದು ವರ್ಷ ಆತು ಮೇಡಂ ನೀವು ನಮ್ಮ ಕೇಂದ್ರಕ್ಕ ಬರಾಕತ್ತಿ. ಬಂದಾಗೊಮ್ಮೆ ಊಟ ಮಾಡ್ರಿ ಅಂದೇನಿ. ಸೋಮವಾರ ಬಂದ್ರ ಸೋಮವಾರ ಅಂದ್ರಿ, ಗುರುವಾರ ಬಂದ್ರ ಗುರುವಾರ ಅಂದ್ರಿ. ಅಮಾಸಿ, ಹುಣ್ಣಿವಿ, ಏಕಾದಶಿ. ಒಮ್ಮೊಮ್ಮೆ ಈಗರ ಊಟ ಆತು ಅಂದ್ರಿ. ನಿಮ್ಮಷ್ಟು ಉಪಾಸ ಮಾಡೋರನ್ನ ನಾ ನೋಡಿಲ್ಲ. ಆದ್ರೂ ನೀವು ಸೊರಗಿಲ್ಲ."

ನನ್ನ ಮಟ್ಟಿಗೆ ನಾನು ಒಳ್ಳೆಯ ಅಧಿಕಾರಿ. ಆ ಕೇಂದ್ರಕ್ಕೆ ಕಟ್ಟಡ ಮಾಡಿಸಿದವಳು, ನೀರಿನ ನಳ ಹಾಕಿಸಿದವಳು, ವೇದಿಕೆಯ ಮೇಲೆ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದವಳು. ಒಂದು ರೊಟ್ಟಿ ಮುರಿದು ಬಾಯಿಗಿಟ್ಟಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನನ್ನ ಕೈಯೇ ಹೋಗುತ್ತಿರಲಿಲ್ಲ. ನನಗೆ ಅಳು ಬಂತು. ಕಾಕು ನನ್ನನ್ನು ಸಮಾಧಾನ ಮಾಡಲಿಲ್ಲ. ಎದ್ದು ಸೀರೆ ಕೊಡವಿ, "ಬದನಿಕಾಯಿ ಆಗಬೇಕಲ್ಲ" ಎಂದು ಒಬ್ಬರೇ ಒಳಗೆ ಹೋದರು. ನಾನು ಕಣ್ಣು ಒರೆಸಿಕೊಂಡು ಹಿಂದೆ ಹೋದೆ.

ಈ ಸಲ ಕಾಕು ಪಾಳಿಯಲ್ಲಿ ನಿಂತರು. ಗಡ್ಡದವನನ್ನು ಕರೆದು ಮಾತು ದಾಟಿಸಲು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಸರದಿ ಬಂದಾಗ ಕೈ ಬೆನ್ನ ಹಿಂದೆಯೇ ಇತ್ತು. ಎಳೆಯವು ಬೇಕು, ಹಗುರವಿರಬೇಕು ಎಂದರು. ಅಂಗಡಿಯ ಹೆಂಗಸು ಒಂದು ಆರಿಸಿ ಕೊಟ್ಟಳು. ಕಾಕು ಅಂಗೈಯಲ್ಲಿ ತೂಗಿ ನೋಡಿ, ಬೀಜ ತುಂಬಿದೆ, ಬೇಡ ಎಂದು ಮರಳಿ ಕೊಟ್ಟರು. ಇನ್ನೊಂದು ಕೊಟ್ಟಳು, ಅದೂ ವಾಪಸ್. ಹಿಂದೆ ನಿಂತವರು ಗೊಣಗತೊಡಗಿದರು. ಅಂಗಡಿಯಾಕೆ ಸಿಟ್ಟಿನಿಂದ ಚಾಕು ತೆಗೆದು, ಮರಳಿ ಬಂದ ಎರಡನ್ನೂ ಸೀಳಿದಳು. ಎರಡರಲ್ಲೂ ಕಪ್ಪು ಬೀಜ ಗಿಜಿಗಿಜಿ. ಒಂದು ಗಳಿಗೆ ಕಾಕುವಿನ ಮುಖ ನೋಡಿದಳು. ಆಮೇಲೆ ಬುಟ್ಟಿಯನ್ನು ಎತ್ತಿ, ಕಾಕುವಿನ ಮುಂದೆ ಓರೆ ಮಾಡಿ ಹಿಡಿದಳು.

ಕಾಕು ಕೈ ಮುಂದೆ ತಂದರು. ತೊಟ್ಟು ನೋಡಿ, ಬುಡ ಒತ್ತಿ, ಹನ್ನೆರಡು ಕಾಯಿ ಆರಿಸಿದರು. ಅಂಗಡಿಯಾಕೆ ಅವುಗಳಲ್ಲಿ ಒಂದನ್ನು ತಾನೇ ಸೀಳಿ ನೋಡಿದಳು, ಬೆಣ್ಣೆಯಂತಿತ್ತು. ನಾಳೆ ರೊಟ್ಟಿ ಬಡಿಯುವಾಗ ಬಾ ಎಂದು ಕಾಕು ಅವಳನ್ನು ಕರೆದರು, ಕರೆಯುವಾಗ ಅವಳ ಮುಂಗೈ ಹಿಡಿದಿದ್ದರು.

ಮರುದಿನ ಗುಮ್ಮಟದ ಕೆಳಗೆ ಮೇಳ. ಬೇರೆಯವರ ಹತ್ತಿರ ಲಟ್ಟಣಿಗೆ, ಯಂತ್ರ, ಅಚ್ಚು ಎಲ್ಲ ಇದ್ದವು. ಕಾಕುವಿನ ಹತ್ತಿರ ಒಂದು ಕಬ್ಬಿಣದ ಹಂಚು, ಒಂದು ಪರಾತ, ಒಂದು ಬಟ್ಟೆ ತುಂಡು, ಎರಡು ಕೈ. ಬಿಸಿ ನೀರು ಹಾಕಿ ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದರು. ಆ ಪಟಪಟ ಸದ್ದು ಗುಮ್ಮಟಕ್ಕೆ ಹೋಗಿ ಕೆಳಗೆ ಬರುತ್ತಿತ್ತು. ಮೀನಿನ ಅಂಗಡಿಯವರು ಏಪ್ರನ್ನಿನಲ್ಲೇ ಬಂದು ನಿಂತರು. ಅಂಗೈಯಷ್ಟಿದ್ದ ಉಂಡೆ ತಿರುಗುತ್ತ ತಿರುಗುತ್ತ ಪರಾತದ ಅಂಚು ಮುಟ್ಟಿತು, ಎಲ್ಲೂ ಹರಿಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುವಿ ಹಾಕಿದರು, ಪೂರ್ತಿ ಉಬ್ಬಿತು. ಜನ ಚಪ್ಪಾಳೆ ತಟ್ಟಿದರು. ಬದನೆಕಾಯಿಯಾಕೆ ನಾನೂ ಬಡಿಯುತ್ತೇನೆ ಎಂದು ಮುಂದೆ ಬಂದಳು. ಮೂರು ಸಲ ಬಡಿದಳು, ಮೂರು ಸಲವೂ ಹರಿಯಿತು. ಕಾಕು ಅವಳ ಹಿಂದೆ ನಿಂತು ಅವಳ ಎರಡೂ ಕೈ ಹಿಡಿದು ನಾಲ್ಕನೆಯದನ್ನು ಬಡಿಸಿದರು.

ನಾನು ಪಕ್ಕದಲ್ಲಿ ನಿಂತಿದ್ದೆ. ಇದು ನಮ್ಮ ನಿಂಬರ್ಗಾದ ಹೆಣ್ಣುಮಗಳು ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸುತ್ತಿತ್ತು. ಕಾಕು ಮೊದಲು ಉಬ್ಬಿದ ಆ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ನನ್ನ ಕೈಗೆ ಕೊಟ್ಟರು. ತಿಂದೆ. ಪೂರ್ತಿ ತಿಂದೆ. ಹನ್ನೊಂದು ವರ್ಷ ನಾನು ಏನು ಕಳೆದುಕೊಂಡಿದ್ದೆ ಎಂದು ನಾಲಿಗೆಗೆ ತಿಳಿಯಿತು. ದೊಡ್ಡ ಭಾರ ಇಳಿದಂತಾಗಿ, "ಕಾಕು, ಈಗ ಆತಲ್ರಿ?" ಎಂದೆ.

ಅವರು ಮುಂದಿನ ಉಂಡೆ ಬಡಿಯುತ್ತಲೇ ಹೇಳಿದರು: "ಇಲ್ಲಿ ತಿಂದಿದ್ದು ತಿಂದಂಗ ಅಲ್ರಿ ಮೇಡಂ. ಇಲ್ಲಿ ನಿಮ್ಮ ಓಣಿ ಮಂದಿ ಯಾರೂ ಇಲ್ಲ."

"ನಿಂಬರ್ಗಾಕ್ಕ ಬಂದು ತಿಂತೇನ್ರಿ."

"ನೀವು ಬರೂದು ಬ್ಯಾಡ. ಸಾಹೇಬ್ರು ಬಡವ್ರ ಮನ್ಯಾಗ ಉಂಡು ಫೋಟೋ ಹೊಡಿಸ್ಕೊಂಡು ಹೋಗ್ತಾರ, ಅದು ನಾ ನೋಡೇನಿ. ನಾ ನಿಮ್ಮನಿಗೆ ಬರ್ತೇನಿ. ನಿಮ್ಮ ಅಡಗಿ ಮನ್ಯಾಗ."

ಬರ್ರಿ ಎಂದೆ. ಬಾಯಿ ಅಂದಿತು, ಮನಸ್ಸು ಆಳಂದದ ನನ್ನ ಮನೆಯನ್ನು ನೆನೆದು ಅಳುಕಿತು.

ಮನೆಯಲ್ಲಿ ನಾನು ಮತ್ತು ನನ್ನ ಅವ್ವ ಇಬ್ಬರೇ. ಅವ್ವನಿಗೆ ಎಂಬತ್ತು ದಾಟಿದೆ. ಅಫಜಲಪುರದ ಆ ದೊಡ್ಡ ಮನೆಯ ಮಡಿಯನ್ನು ಇಲ್ಲಿಗೂ ಹೊತ್ತುಕೊಂಡು ಬಂದವಳು. ಕೆಲಸದವಳು ಇಂದಿಗೂ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಸ್ಪೇನಿನಿಂದ ಬಂದ ಮೇಲೆ ನಾಲ್ಕು ತಿಂಗಳು ನಾನು ಕಾಕುವನ್ನು ಕರೆಯಲಿಲ್ಲ. ಅವ್ವನಿಗೆ ಆರಾಮಿಲ್ಲ, ಶ್ರಾವಣ ಮುಗಿಯಲಿ, ಮಳೆ ನಿಲ್ಲಲಿ. ಉಪವಾಸ ಬಿಟ್ಟಿದ್ದೆ, ನೆಪ ಬಿಟ್ಟಿರಲಿಲ್ಲ. ಕೇಂದ್ರಕ್ಕೆ ಹೋದಾಗ ಕಾಕು ಒಂದು ಮಾತೂ ಎತ್ತಲಿಲ್ಲ, ಊಟ ಮಾಡ್ರಿ ಎಂದು ಕರೆಯುವುದನ್ನೂ ನಿಲ್ಲಿಸಿದ್ದರು. ಅದು ನನಗೆ ಸಹಿಸಲು ಆಗಲಿಲ್ಲ. ಒಂದು ದಿನ ನಾನೇ, "ಐತವಾರ ಬರ್ರಿ ಕಾಕು, ಮುಂಜಾನಿನ" ಎಂದೆ. ಅವರು ನನ್ನನ್ನು ಚೆನ್ನಾಗಿ ನೋಡಿ, "ಐತವಾರ ಏನೂ ಉಪಾಸ ಇಲ್ಲಲ್ರಿ?" ಎಂದರು.

ಭಾನುವಾರ ಬೆಳಿಗ್ಗೆ ಅವ್ವನಿಗೆ ಹೇಳಿದೆ. ಯಾರು ಬರುತ್ತಾರೆ, ಯಾವ ಊರು, ಯಾವ ಓಣಿ, ಎಲ್ಲಿಯವರೆಗೆ ಬರುತ್ತಾರೆ, ಎಲ್ಲ ಬಿಡಿಸಿ ಹೇಳಿದೆ. ಅವ್ವ ಕೇಳಿದಳು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಕು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಅಂಗಳದ ನಳದಲ್ಲಿ ಕೈಕಾಲು ತೊಳೆದು ಒಳಗೆ ಬಂದು, ಕುರ್ಚಿ ತೋರಿಸಿದರೆ ಕುಳಿತುಕೊಳ್ಳಲಿಲ್ಲ. "ಅಡಗಿ ಮನಿ ಯಾ ಕಡೀರಿ?" ಎಂದರು. ತೋರಿಸಿದೆ. ಹೊಸ್ತಿಲ ಬಳಿ ಒಂದು ಕ್ಷಣ ನಿಂತರು, ಆಮೇಲೆ ಬಲಗಾಲು ಇಟ್ಟು ಒಳಗೆ ಬಂದರು. ಹಿಟ್ಟಿನ ಡಬ್ಬಿ ಯಾವುದೆಂದು ನನ್ನನ್ನು ಕೇಳಲೂ ಇಲ್ಲ. ಮುಚ್ಚಳ ತೆಗೆದು, ಮುಂಗೈ ಮುಳುಗುವವರೆಗೆ ಕೈ ಹಾಕಿದರು. ಒಂದು ಹಿಡಿ ಎತ್ತಿ ಒತ್ತಿ ನೋಡಿದರು, ಮೂಸಿದರು, ಚಿಟಿಕೆ ನಾಲಿಗೆಗೆ ಹಚ್ಚಿದರು.

"ಇದು ಯಾವಾಗ ಬೀಸಿಸಿದ್ದು?"

"ತಿಂಗಳು ಆಗಿರಬೇಕ್ರಿ."

ಕಾಕು ಕೈ ಕೊಡವಿದರು. "ಮೇಡಂ, ಹನ್ನೊಂದು ವರ್ಷ ನಮ್ಮ ಹಿಟ್ಟು ಇನ್ಸ್‌ಪೆಕ್ಷನ್ ಮಾಡೀರಿ. ನಿಮ್ಮನ್ಯಾಗ ಇಂಥಾ ಹಿಟ್ಟು ಏನ್ರಿ? ಜಿಗಿ ಇಲ್ಲ, ಕಹಿ ಆಗೇದ. ಇದರ ರೊಟ್ಟಿ ನಾ ಬಡಿಯಂಗಿಲ್ಲ. ನೀವು ಬಡದ್ರ ನಾ ತಿನ್ನಂಗೂ ಇಲ್ಲ."

ಗೌಡರ ಮನೆಯ ಅನ್ನ ಬೇಡ ಎಂದರು. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಹೆಮ್ಮೆ. ಗುಮ್ಮಟದ ಕೆಳಗೆ ಚಪ್ಪಾಳೆ ಬಿದ್ದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಗ ಮುಚ್ಚಿದ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. "ಎಂಟು ದಿನದಿಂದ ನಾನೂ ಅದ ಹೇಳಾಕತ್ತೇನಿ, ರೊಟ್ಟಿ ಕಹಿ ಹತ್ತಾಕತ್ತಾವಂತ. ನನ್ನ ಮಾತು ಈ ಮನ್ಯಾಗ ಯಾರು ಕೇಳ್ತಾರ?"

ಕಾಕು ಬಾಗಿಲ ಕಡೆ ತಿರುಗಿ, ಅಷ್ಟೇ ಜೋರಾಗಿ, "ನೀವು ಖರೇ ಹೇಳೀರಿ ಆಯಿ. ನಿಮಗ ತಿಳದದ್ದು ನಿಮ್ಮ ಮಗಳಿಗೆ ತಿಳೀಲಿಲ್ಲ" ಎಂದರು. ಆಮೇಲೆ ನನಗೆ, "ಜ್ವಾಳ ಅದಾವಲ್ಲ? ಗಿರಣಿಗೆ ನಡೀರಿ" ಎಂದು ಡಬ್ಬಿ ಕೈಗೆ ಕೊಟ್ಟರು.

ಇಬ್ಬರನ್ನೂ ಬಿಟ್ಟು ಗಿರಣಿಗೆ ಹೋದೆ. ಅಲ್ಲಿ ನಿಂತಷ್ಟು ಹೊತ್ತೂ ಮನೆಯಲ್ಲಿ ಏನಾಗುತ್ತಿದೆಯೋ ಎಂಬ ಹೆದರಿಕೆ. ಅವ್ವ ಏನಾದರೂ ಅಂದರೆ ಕಾಕು ಮತ್ತೆಂದೂ ನನ್ನ ಮುಖ ನೋಡುವುದಿಲ್ಲ, ನೋಡಬಾರದು ಕೂಡ. ಬಿಸಿ ಹಿಟ್ಟಿನ ಡಬ್ಬಿ ಸೊಂಟಕ್ಕೇರಿಸಿಕೊಂಡು ಅರ್ಧ ಓಡುತ್ತಲೇ ಬಂದೆ.

ಕೋಣೆಯ ಬಾಗಿಲು ತೆರೆದಿತ್ತು. ಅವ್ವ ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಕಾಕು ಒಳಗೆ ನೀರು ಕಾಯಲಿಟ್ಟು ನಿಂತಿದ್ದರು. ನಾನು ಹಿಟ್ಟು ಕೊಟ್ಟೆ. ಕಾಕು ನಾದಿದರು, ಮೊದಲ ಉಂಡೆ ಪರಾತಕ್ಕೆ ಹಾಕಿ ಬಡಿಯತೊಡಗಿದರು. ಅವ್ವ ಆ ಕೈಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು:

"ಕಟಕ ಮಾಡಬ್ಯಾಡವಾ. ನನ್ನ ಬಾಯಾಗ ಹಲ್ಲಿಲ್ಲ."

ಕಾಕುವಿನ ಕೈ ನಿಂತಿತು. ಕಾಕು ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುಗಿ ನೋಡಿದರು.

"ಮೆತ್ತಗ ಬೇಕಂದ್ರ ಹಂಚಿನಿಂದ ತೆಗದಕೂಡ್ಲೆ ತಿನ್ಬೇಕ್ರಿ ಆಯಿ. ಅಲ್ಲಿ ಹೊರಗ ಯಾಕ ಕುಂತೀರಿ? ಒಳಗ ಬರ್ರಿ."

ಅವ್ವ ಮಣೆ ಎತ್ತಿಕೊಂಡು ಒಳಗೆ ಹೋದಳು.